ಗಾಜಿನ ಜುವೆನಾಲ್ ಬೆಲೆ ಹೇಳಿದ್ದು

ತೆಯೋಫಿಲೊ ಒತೋನಿ ಎಂಬ ಹರಳು ವ್ಯಾಪಾರದ ಊರಿನ ಚೌಕದಲ್ಲಿ ಕ್ಷೌರದ ಅಂಗಡಿ ಇಟ್ಟುಕೊಂಡವನಿಗೆ ಹರಳಿನ ವಿಷಯ ಗೊತ್ತಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಎದುರಿಗೇ ಮರಗಳ ಕೆಳಗಿನ ಕಲ್ಲುಬೆಂಚುಗಳಲ್ಲಿ ದಲ್ಲಾಳಿಗಳು ಬೆಳಿಗ್ಗೆ ಎಂಟಕ್ಕೆಲ್ಲ ಬಂದು ಕೂರುತ್ತಾರೆ. ಅಂಗಿಯ ಜೇಬಿನಿಂದ ಹರಳು ಸುತ್ತಿದ ಕಾಗದ ತೆಗೆದು ಬಿಚ್ಚುತ್ತಾರೆ, ಮಡಚುತ್ತಾರೆ, ಮತ್ತೆ ಬಿಚ್ಚುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅವರಲ್ಲಿ ಅರ್ಧ ಜನ ಜುವೆನಾಲ್‌ನ ಕುರ್ಚಿಯಲ್ಲಿ ಗದ್ದ ಒಡ್ಡಿಕೊಂಡು ಹರಳಿನ ಮಾತೇ ಆಡುತ್ತಿರುತ್ತಾರೆ. ಇಪ್ಪತ್ತೆಂಟು ವರ್ಷ ಇಷ್ಟೆಲ್ಲ ಕಿವಿಗೆ ಬಿದ್ದರೂ ತನ್ನ ತಲೆಗೆ ಒಂದಿಷ್ಟೂ ಇಳಿದಿಲ್ಲ ಎಂದು ಜುವೆನಾಲ್ ತಾನೇ ಹೇಳಿಕೊಳ್ಳುತ್ತಿದ್ದ. "ನನ್ನ ಕಿವಿ ಇರೋದು ಬೇರೆಯವರ ಕೂದಲು ಬಿದ್ದು ತುಂಬ್ಕೊಳ್ಳೋಕೆ ಕಣ್ರಯ್ಯಾ," ಎನ್ನುತ್ತಿದ್ದ.

ಅವನಿಗೆ 'ಗಾಜಿನ ಜುವೆನಾಲ್' ಎಂದು ಹೆಸರು ಬಿದ್ದದ್ದು ಅವನ ಮದುವೆಯ ದಿನ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಒಬ್ಬ ಸಂಭಾವಿತನಿಂದ ಗುಲಾಬಿ ಹರಳು ಕೊಂಡು, ಉಂಗುರ ಮಾಡಿಸಿ, ಎಫಿಜೇನಿಯಾಳ ಬೆರಳಿಗೆ ತೊಡಿಸಿದ್ದ. ಊಟದ ಹೊತ್ತಿಗೆ ಒತಾವಿಯಾನೊ ಎಂಬ ದಲ್ಲಾಳಿ ಅವಳ ಕೈ ಹಿಡಿದು, ಕಣ್ಣಿಗೆ ಲೆನ್ಸು ಇಟ್ಟು ನೋಡಿದ. "ಭಾಳ ಚೆನ್ನಾಗಿದೆ ಮದುಮಗಳೇ. ಒಳಗೆ ಸೋಡಾ ಗುಳ್ಳೆ ಬೇರೆ ಇದೆ, ಬಾಯಾರಿದ್ರೆ ಕುಡೀಬಹುದು," ಎಂದ. ಪಾದ್ರಿ ಕೂಡ ನಕ್ಕರು. ಆ ಗಾಜು ಎಂಟು ವರ್ಷದ ಮೇಲೆ ಪಾತ್ರೆ ತೊಳೆಯುವಾಗ ಒಡೆದು ಹೋಯಿತು. ಹೆಸರು ಮಾತ್ರ ಒಡೆಯಲಿಲ್ಲ. ಒತಾವಿಯಾನೊ ಮುಂದೆ ಅವರ ಮಗಳ ದೀಕ್ಷಾಸ್ನಾನದಲ್ಲಿ ಜ್ಞಾನಪಿತನಾಗಿ ನಿಂತು ಬೀಗರಂತೆ ಹತ್ತಿರದವನೇ ಆದ, ಆದರೂ ವಾರಕ್ಕೊಮ್ಮೆ ಕ್ಷೌರಕ್ಕೆ ಬಂದಾಗ ಕನ್ನಡಿ ತಟ್ಟಿ, "ಇದು ಯಾವ ಗಣೀದಪ್ಪಾ, ಭಾರಿ ದೊಡ್ಡ ಹರಳು!" ಎನ್ನದೆ ಕೂತವನಲ್ಲ.

ಮದುವೆಯ ಇಪ್ಪತ್ತೈದನೆಯ ವಾರ್ಷಿಕೋತ್ಸವ ಬರಲು ಮೂರು ವರ್ಷ ಇದ್ದಾಗ ಜುವೆನಾಲ್ ತೀರ್ಮಾನಿಸಿದ. ಎಫಿಜೇನಿಯಾಗೆ ನಿಜವಾದ ಗುಲಾಬಿ ಹರಳು ಕೊಡಬೇಕು, ಅದನ್ನು ತಾನೇ ಆರಿಸಬೇಕು, ಯಾರನ್ನೂ ಕೇಳಬಾರದು. ಬೇರೆ ಯಾರಾದರೂ ಆರಿಸಿಕೊಟ್ಟರೆ ಅದು ಅವರ ಹರಳಾಗುತ್ತದೆ. ಅವನಿಗೆ ಬೇಕಾಗಿದ್ದದ್ದು ಮೊರ್ಗನೀತಾ, ಪಚ್ಚೆಯ ತಂಗಿ, ಬೆರಿಲ್ ಎಂಬ ಹರಳು ಜಾತಿಯಲ್ಲಿ ಗುಲಾಬಿ ಬಣ್ಣದ್ದು. ಎಫಿಜೇನಿಯಾ ಒಮ್ಮೆ ಅಂಗಡಿ ಗಾಜಿನಾಚೆ ಅದನ್ನು ನೋಡಿ ಸುಮ್ಮನೆ ನಿಂತಿದ್ದಳು. ಏನನ್ನೂ ಕೇಳುವವಳಲ್ಲ ಅವಳು, ಅಷ್ಟು ಹೊತ್ತು ನಿಂತದ್ದೇ ದೊಡ್ಡ ಮಾತು.

ಕಲಿಕೆ ಶುರುವಾಯಿತು. ಮೊದಲ ವರ್ಷ ಅವನು ಗುಲಾಬಿ ಬೆರಿಲ್ ಎಂದು ಕೊಂಡದ್ದು ಹಾಲು ಕಲೆಸಿದಂತೆ ಮಸುಕಾಗಿತ್ತು. ಅದು ರಸ್ತೆಗೆ ಹಾಸುವಷ್ಟು ಸಿಗುವ ಗುಲಾಬಿ ಸ್ಫಟಿಕ. ಎರಡನೆಯದು ಅದ್ಭುತವಾಗಿ ಹೊಳೆಯುತ್ತಿತ್ತು. ಮೇಜಿನಿಂದ ಬಿದ್ದು ಸೌದೆ ಸೀಳಿದ ಹಾಗೆ ಉದ್ದಕ್ಕೆ ಎರಡು ಹೋಳಾಯಿತು. ಅದು ಕುಂಜೀತಾ ಎಂಬ ಬೇರೆಯೇ ಜಾತಿ, ಬೆರಿಲ್ ಹಾಗೆ ಸೀಳುವುದಿಲ್ಲ ಎಂದು ಎರಡು ಹೋಳು ಕೈಯಲ್ಲಿ ಹಿಡಿದುಕೊಂಡ ಮೇಲೆ ಕಲಿತ. ಮೂರನೆಯದನ್ನು ಕೊಂಡಾಗ ಮಾರಿದವನ ಮನೆಯ ಗೋಡೆಗೆ ಗುಲಾಬಿ ಸುಣ್ಣ ಬಳಿದಿತ್ತು. ಹೊರಗೆ ತಂದು ನೋಡಿದರೆ ಹರಳಿಗೆ ಬಣ್ಣವೇ ಇಲ್ಲ. "ಗೋಡೆ ಕೊಂಡಿದ್ರೆ ಲಾಭ ಇತ್ತು," ಎಂದು ಜುವೆನಾಲ್ ಮನೆಯ ತನಕ ತನಗೆ ತಾನೇ ಹೇಳಿಕೊಂಡು ನಡೆದ.

ಆದರೂ ಕಣ್ಣು ಪಳಗಿತು ಎನ್ನಬೇಕು. ಬೆಳಗಿನ ಬಿಸಿಲಲ್ಲಿ ಬಿಳಿ ಕಾಗದದ ಮೇಲೆ ನೋಡುವುದು, ದೀಪದ ಕೆಳಗೆ ಎಂದೂ ಕೊಳ್ಳದಿರುವುದು, ಹರಳನ್ನು ಮೆಲ್ಲಗೆ ತಿರುಗಿಸಿ ಒಂದು ದಿಕ್ಕಿನಲ್ಲಿ ಒಂದು ಗುಲಾಬಿ, ಇನ್ನೊಂದು ದಿಕ್ಕಿನಲ್ಲಿ ಇನ್ನೊಂದು ಗುಲಾಬಿ ಕಾಣುತ್ತದೆಯೇ ಎಂದು ಪರೀಕ್ಷಿಸುವುದು. ಈ ಹರಳಿನ ಬಣ್ಣ ಬಹಳ ತೆಳು, ಗಾತ್ರ ಇಲ್ಲದಿದ್ದರೆ ಬಣ್ಣ ನಿಲ್ಲುವುದಿಲ್ಲ ಎಂಬುದೂ ತಿಳಿಯಿತು. ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ ಬಿಟ್ಟು, ಬಾಗಿಲಿಗೆ ಹೋಗಿ ಹರಳು ತಿರುಗಿಸುತ್ತಾ ನಿಂತುಬಿಡುತ್ತಿದ್ದ. ನೊರೆ ಒಣಗಿ ಎಷ್ಟೋ ಜನ ಬೈದರು.

ಕೊನೆಗೆ ಗಣಿಯಿಂದ ಬಂದ ಒಬ್ಬ ಮುದುಕನ ಹತ್ತಿರ ಏಲಕ್ಕಿ ಬಾಳೆಯ ತುಂಡಿನಷ್ಟು ದಪ್ಪದ ಒರಟು ಕಲ್ಲು ಸಿಕ್ಕಿತು. ಬಣ್ಣ ಗುಲಾಬಿಯಲ್ಲ, ಪರಂಗಿ ಹಣ್ಣಿನದು. ನಾಲ್ಕು ದಿನ ಬೆಳಿಗ್ಗೆ ನೋಡಿ, ಐದನೆಯ ದಿನ ಕೊಂಡು, ಸಾಣೆಗಾರ ಬೆಲ್ಮಿರೊನ ಮನೆಗೆ ಒಯ್ದ.

ಬೆಲ್ಮಿರೊ ಮಾತು ಕಡಿಮೆಯ ಮನುಷ್ಯ. ಊರಿನ ಅರ್ಧ ಹರಳುಗಳು ಅವನ ಸಾಣೆಯ ಮೇಲೆ ಹೋಗುತ್ತವೆ, ಯಾರದ್ದು ಏನು ಎಂದು ಅವನು ಸತ್ತರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟ ಸಾಣೆಗಾರನ ಮನೆಗೆ ಮರುದಿನ ಕಲ್ಲು ಬರುವುದಿಲ್ಲ. ಅವನು ಕಲ್ಲನ್ನು ನೀರಲ್ಲಿ ಅದ್ದಿ ನೋಡಿದ, ಯಂತ್ರದ ಕೆಳಗೆ ಇಟ್ಟು ನೋಡಿದ, ಮೂಗು ತಿಕ್ಕಿಕೊಂಡ.

"ಯಾರು ಆರಿಸಿಕೊಟ್ರು?" ಎಂದ.

"ನಾನೇ."

"ಸುಳ್ಳು ಹೇಳ್ಬೇಡ ಮಾರಾಯ."

"ನಮ್ಮಮ್ಮನಾಣೆ ನಾನೇ! ಏನು, ಗಾಜಾ?"

"ಬೆರಿಲ್ಲು. ಒಳ್ಳೇದು," ಎಂದ ಬೆಲ್ಮಿರೊ. "ಕುಲುಮೇಲಿ ಹದವಾಗಿ ಕಾಯಿಸಿದ್ರೆ ಹಳದಿ ಹೋಗಿ ಗುಲಾಬಿ ನಿಲ್ಲುತ್ತೆ. ಒಳಗೆ ಎಲ್ಲಾದ್ರೂ ನೀರಿನ ಪೊಟರೆ ಇದ್ರೆ ಒಡೆಯುತ್ತೆ. ಕಾಯಿಸ್ಲಾ?"

ಆ ಮೂರು ಗಂಟೆ ಜುವೆನಾಲ್ ಬೆಲ್ಮಿರೊನ ಅಂಗಳದಲ್ಲಿ ಕೋಳಿಗಳ ಜೊತೆ ಅತ್ತಿಂದಿತ್ತ ನಡೆದ. ಮಗಳು ಹುಟ್ಟಿದ ದಿನವೂ ಇಷ್ಟು ನಡೆದಿರಲಿಲ್ಲ. ಹರಳು ಒಡೆಯಲಿಲ್ಲ. ಸಾಣೆ ಮುಗಿದು ಕೆಂಪು ಚಿನ್ನದ ಉಂಗುರದಲ್ಲಿ ಕೂತಾಗ ಆ ಬಣ್ಣಕ್ಕೆ ಏನು ಹೇಳಬೇಕೋ ಅವನಿಗೆ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬಂತು, ಅಷ್ಟೆ.

ವಾರ್ಷಿಕೋತ್ಸವದ ಭಾನುವಾರ ಮನೆಯ ಹಿಂದಿನ ಮಾವಿನ ಮರದ ಕೆಳಗೆ ಊಟ. ಬೆಂಡೆಕಾಯಿ ಹಾಕಿದ ಕೋಳಿ, ಜೋಳದ ಮುದ್ದೆ, ಹುರುಳಿಕಾಯಿ ಹುರಿದದ್ದು, ಗಂಡಸರಿಗೆ ಕಬ್ಬಿನ ಸಾರಾಯಿ. ಜುವೆನಾಲ್ ಎಲ್ಲರೆದುರು ಉಂಗುರ ತೊಡಿಸಿದ. ಎಫಿಜೇನಿಯಾ ಕೈಯನ್ನು ಬಿಸಿಲಿಗೆ ಚಾಚಿ ನೋಡಿದಳು. ನೋಡುತ್ತಲೇ ಇದ್ದಳು. ಜಿಗುಟು ಸ್ವಭಾವದ, ಸುಲಭಕ್ಕೆ ನಗದ ಹೆಂಗಸು, ಅವತ್ತು ಅವಳ ಮುಖ ಹದಿನೆಂಟರ ಹುಡುಗಿಯ ಹಾಗೆ ಆಯಿತು. ಜುವೆನಾಲ್ ಅಲ್ಲಿಗೇ ಬಾಯಿ ಮುಚ್ಚಿಕೊಂಡು ಕೋಳಿ ತಿಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಈ ಸಲ ಗುಳ್ಳೆ ಇಲ್ಲದ ಗಾಜು ತಂದಿದಾನೆ ರೀ," ಎಂದ ಒತಾವಿಯಾನೊ. "ಗುಳ್ಳೆ ಕಮ್ಮಿ, ರೇಟು ಜಾಸ್ತಿ!"

ಅಂಗಳ ನಕ್ಕಿತು. ಅಷ್ಟು ದಿನ ಎಲ್ಲರಿಗಿಂತ ಮೊದಲು ನಗುತ್ತಿದ್ದ ಜುವೆನಾಲ್‌ಗೆ ಇವತ್ತು ಮೈಯೆಲ್ಲ ಉರಿಯಿತು.

"ಬೆರಿಲ್ ಕಣಯ್ಯಾ ಇದು! ಬೆಲ್ಮಿರೊನ್ನ ಕೇಳು."

ಎಲ್ಲರೂ ಬೆಲ್ಮಿರೊನ ಕಡೆ ತಿರುಗಿದರು. ಬೆಲ್ಮಿರೊ ಕೋಳಿಯ ಕಾಲಿನಿಂದ ತಲೆ ಎತ್ತಲಿಲ್ಲ. "ನಾನು ಸಾಣೆ ಹಿಡಿಯೋನು, ಸಾಕ್ಷಿ ಹೇಳೋನಲ್ಲ," ಎಂದ. ನಗು ಇಮ್ಮಡಿಯಾಯಿತು.

"ಸರಿ, ನಿಜದ್ದೇ ಆದ್ರೆ ಚೌಕದ ಲೆಕ್ಕದಲ್ಲಿ ಮಾತಾಡು. ಬೆಲೆ ಹೇಳು," ಎಂದ ಒತಾವಿಯಾನೊ. ಅವನ ಜೊತೆ ಆ ದಿನ ವಲಾದಾರೆಸ್ ಊರಿನಿಂದ ಬಂದ ಅರ್ಲಿಂದೊ ಎಂಬ ಹರಳು ವ್ಯಾಪಾರಿ ಇದ್ದ. ಭಾನುವಾರ ಒಬ್ಬನೇ ಯಾಕೆ ಹೋಟೆಲಿನಲ್ಲಿ ಉಣ್ಣಬೇಕು ಎಂದು ಕರೆತಂದಿದ್ದ. "ಇಗೋ, ಕೊಳ್ಳೋರೂ ಇದಾರೆ."

ಚೌಕದ ಲೆಕ್ಕ ಎಂದರೆ ಊರಿನ ಮಕ್ಕಳಿಗೂ ಗೊತ್ತು. ಮಾರುವವನು ನಾಲ್ಕು ಜನರೆದುರು ಬೆಲೆ ಹೇಳಿ, ಕೊಳ್ಳುವವನು ಆಯಿತು ಎಂದರೆ ಮುಗಿಯಿತು. ಕಾಗದ ಇಲ್ಲ, ರುಜು ಇಲ್ಲ, ಹಿಂದೆ ಸರಿಯುವ ಹಾಗಿಲ್ಲ. ಸರಿದವನ ಕೂಡ ಮತ್ತೆ ಯಾರೂ ಮಾತಾಡುವುದಿಲ್ಲ. ಆದರೆ ಬೆಲೆ ಹೇಳದವನ ಹರಳು ಹರಳೇ ಅಲ್ಲ ಎಂಬುದೂ ಅದೇ ಚೌಕದ ಲೆಕ್ಕ. ಜುವೆನಾಲ್ ಬಹಳ ಬುದ್ಧಿವಂತಿಕೆ ಮಾಡಿದ. ಯಾರೂ ಕೊಡಲಾರದಂಥ ಬೆಲೆ ಹೇಳಿದರೆ ಹರಳೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ ಎಂದುಕೊಂಡು ಒಂದು ಹೊಸ ಮೋಟರ್ ಬೈಕಿನ ಬೆಲೆಯನ್ನು ಗಟ್ಟಿಯಾಗಿ ಹೇಳಿಬಿಟ್ಟ.

ಅರ್ಲಿಂದೊ ತಟ್ಟೆ ಕೆಳಗಿಟ್ಟ. ಎಫಿಜೇನಿಯಾಳ ಅನುಮತಿ ಕೇಳಿ, ಅವಳ ಬೆರಳನ್ನು ಬಿಸಿಲಿಗೆ ತಿರುಗಿಸಿ, ಬರಿಗಣ್ಣಲ್ಲೇ ಒಂದು ನಿಮಿಷ ನೋಡಿದ.

"ಆಯ್ತು. ನನ್ನದು," ಎಂದ. "ಬೆಳಿಗ್ಗೆ ಯಂತ್ರದಲ್ಲಿ ಒಂದ್ಸಲ ಪರೀಕ್ಷೆ ಮಾಡಿ ತಗೊಂಡ್ಹೋಗ್ತೀನಿ."

ಈಗ ನಾಚಿಕೆ ಬಿಟ್ಟು ನಿಜ ಹೇಳಬೇಕು: ಜುವೆನಾಲ್‌ಗೆ ಆ ಕ್ಷಣ ಆದದ್ದು ಬರೀ ಸಂತೋಷ. ಇಪ್ಪತ್ತೈದು ವರ್ಷಗಳ ನಗುವನ್ನು ಒಬ್ಬ ನಿಜವಾದ ವ್ಯಾಪಾರಿ ಎರಡು ಮಾತಲ್ಲಿ ಒರೆಸಿ ಹಾಕಿದ್ದ. ಒತಾವಿಯಾನೊನ ತೆರೆದ ಬಾಯಿ ನೋಡುತ್ತಾ ಅವನು ಮೀಸೆ ಕೂಡ ತಿರುವಿದ. ಒಂದು ಗುಟುಕು ಸಾರಾಯಿ ಇಳಿಯುವಷ್ಟು ಹೊತ್ತು ಅವನಿಗೆ ಹೆಂಡತಿಯ ನೆನಪೇ ಇರಲಿಲ್ಲ.

ಅಷ್ಟರಲ್ಲಿ ಎಫಿಜೇನಿಯಾ ಎದ್ದು ನೀರಿನ ತೊಟ್ಟಿಯ ಹತ್ತಿರ ಹೋಗಿದ್ದಳು. ಬಟ್ಟೆ ಸೋಪು ತೆಗೆದುಕೊಂಡು ಬೆರಳಿಗೆ ತಿಕ್ಕುತ್ತಿದ್ದಳು. ಉಂಗುರ ಬಿಗಿಯಾಗಿತ್ತು, ಗೆಣ್ಣು ದಾಟುತ್ತಿರಲಿಲ್ಲ. ಮುಖ ಮೊದಲಿನ ಹಾಗೆ ಗಂಟಾಗಿತ್ತು.

"ಏನ್ಮಾಡ್ತಿದೀಯೇ?" ಎಂದ ಜುವೆನಾಲ್ ಓಡಿಹೋಗಿ.

"ಮಾತು ಕೊಟ್ಟಿದೀಯಲ್ಲ. ಬಿಚ್ತಾ ಇದೀನಿ."

"ಬಿಚ್ಬೇಡ."

"ಅಷ್ಟು ಜನರ ಮುಂದೆ ಮಾತಿಗೆ ತಪ್ಪಿದವನ ಹೆಂಡ್ತಿ ಅನ್ನಿಸ್ಕೋಬೇಕಾ ನಾನು?" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಇಷ್ಟು ವರ್ಷ ಅವರು ನಕ್ಕಾಗ ನನಗೇನೂ ಅನ್ನಿಸ್ಲಿಲ್ಲ ಕಣೋ. ನಾನೂ ನಕ್ಕಿದೀನಿ. ಈಗ ನೀನು ಬೆಲೆ ಹೇಳಿದೆ ನೋಡು, ಹೊಟ್ಟೇಲಿ ಬೆಂಕಿ ಹಾಕಿದಂಗಾಯ್ತು. ಅದು ನಂದಾಗಿ ಇನ್ನೂ ಒಂದು ಗಂಟೆ ಆಗಿತ್ತಷ್ಟೆ."

ಜುವೆನಾಲ್ ಅವಳ ಸೋಪಿನ ಕೈಯನ್ನು ಹಾಗೇ ಹಿಡಿದುಕೊಂಡ. ಮೂರು ವರ್ಷ ಹರಳು ನೋಡುವುದನ್ನು ಕಲಿತವನು ಅದು ಯಾರ ಬೆರಳಲ್ಲಿದೆ ಎಂಬುದನ್ನು ನೋಡಿರಲಿಲ್ಲ. ತನ್ನಂಥ ಕತ್ತೆ ಮಿನಾಸ್ ಪ್ರಾಂತ್ಯದಲ್ಲೇ ಇರಲಾರದು ಎನ್ನಿಸಿತು. ಅವಳ ಕೈ ಬಿಡದೆ ಮರದ ಕಡೆ ತಿರುಗಿ ಕೂಗಿದ.

"ಅರ್ಲಿಂದೊ ಅವರೇ, ಕೊಡಲ್ಲ. ಮಾತಿಗೆ ತಪ್ಪಿದೆ, ತಪ್ಪು ನಂದೇ. ಉಗೀರಿ ಬೇಕಾದ್ರೆ. ಕೊಡಲ್ಲ."

ಯಾರೂ ಉಗಿಯಲಿಲ್ಲ. ಉಗಿದಿದ್ದರೆ ಎಷ್ಟೋ ವಾಸಿಯಿತ್ತು. ಒತಾವಿಯಾನೊ ತೊಡೆ ತಟ್ಟಿಕೊಂಡು ಎದ್ದ. "ನೋಡಿದ್ರಾ? ನೋಡಿದ್ರಾ? ಬೆಳಿಗ್ಗೆ ಯಂತ್ರ ಅಂದ ತಕ್ಷಣ ಜಾರ್ಕೊಂಡ! ಗಾಜು ಅನ್ನೋದು ಮಿಷನ್ನಿಗೆ ಗೊತ್ತಾಗ್ಬಿಡ್ತದಲ್ಲಪ್ಪಾ!" ಅಂಗಳವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಮಾತಿಗೆ ತಪ್ಪಿದ್ದನ್ನು ಕೂಡ ಅವರು ಅಲ್ಲೇ ಮನ್ನಿಸಿಬಿಟ್ಟರು. ಗಾಜು ಮಾರಲು ಹೋಗಿ ಕೊನೆಗೆ ನಾಚಿಕೊಂಡವನ ಮೇಲೆ ಯಾರು ಸಿಟ್ಟು ಮಾಡುತ್ತಾರೆ? ಅರ್ಲಿಂದೊ ಒಬ್ಬನೇ ನಗದೆ, ಎಫಿಜೇನಿಯಾಳ ಕೈಯನ್ನೇ ನೋಡುತ್ತಾ ಕಾಫಿ ಕುಡಿದ.

ಆ ವಾರ ಚೌಕದಲ್ಲಿ ಬೇರೆ ಸುದ್ದಿಯೇ ಇರಲಿಲ್ಲ. ಚೌಕದ ಮರಗಳಲ್ಲಿ ದಿನವಿಡೀ ನೇತಾಡಿಕೊಂಡು ನಿದ್ದೆ ಮಾಡುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಗಳಿಗೂ ತನ್ನ ಕಥೆ ಗೊತ್ತಾಗಿರಬೇಕು ಎಂದು ಜುವೆನಾಲ್‌ಗೆ ಅನುಮಾನ. ಶುಕ್ರವಾರ ಬೆಳಿಗ್ಗೆ ಅಂಗಡಿ ತುಂಬ ಜನ ಕಾದಿದ್ದಾಗ ಅರ್ಲಿಂದೊ ಬಂದು ಸರದಿಯಲ್ಲಿ ಕೂತ. ಕುರ್ಚಿ ಸಿಕ್ಕಿ, ಗದ್ದಕ್ಕೆ ನೊರೆ ಹತ್ತಿ, ಕತ್ತಿ ಕೊರಳ ಹತ್ತಿರ ಬಂದಾಗ ತುಟಿ ಅಲ್ಲಾಡಿಸದೆ, ಜುವೆನಾಲ್‌ಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಮಾತಾಡಿದ.

"ನಾನು ಮೂವತ್ತು ವರ್ಷದಿಂದ ಬೆರಿಲ್ ನೋಡ್ತಿದೀನಿ. ಅಂಥ ಬಣ್ಣ ಎರಡು ಸಲ ನೋಡಿರಬಹುದು. ನೀವು ಹೇಳಿದ್ದರ ಎರಡರಷ್ಟು ಕೊಡ್ತೀನಿ. ಬೇಡ ಅಂದ್ರೆ ಬೇಡ, ಆದ್ರೆ ಇಲ್ಲೇ ಇವರೆಲ್ಲರ ಮುಂದೆ ಎದ್ದು ನಿಂತು, ಅದು ನಿಜದ್ದು ಅಂತ ಹೇಳ್ತೀನಿ. ನಿಮ್ಮ ಕಣ್ಣಿಗೆ ಅಷ್ಟು ಮರ್ಯಾದೆ ಸಲ್ಲಬೇಕು."

ಜುವೆನಾಲ್‌ನ ಕತ್ತಿ ನಿಂತಿತು. ಬೆಂಚಿನ ಮೇಲೆ ಒತಾವಿಯಾನೊ ಪೇಪರು ಓದುತ್ತಿದ್ದ, ಇನ್ನೂ ಆರು ಜನ ಇದ್ದರು. ಒಂದೇ ಮಾತು, ಆ ಹೆಸರು ಚೌಕದಿಂದಲೇ ಎದ್ದು ಹೋಗುತ್ತದೆ. ಆಸೆ ಗಂಟಲ ತನಕ ಬಂತು. ಆದರೆ ಅವನಿಗೆ ತನ್ನ ನಾಲಿಗೆಯ ಯೋಗ್ಯತೆ ಈಗ ಚೆನ್ನಾಗಿ ಗೊತ್ತಿತ್ತು. ಹರಳು ನಿಜದ್ದು ಎಂದು ಊರಿಗೆ ತಿಳಿದರೆ ನಾಳೆ ಒಬ್ಬ, ನಾಡಿದ್ದು ಒಬ್ಬ ಬಂದು ಹೊಗಳುತ್ತಾನೆ. ಯಾವನೋ ಒಬ್ಬ ಹೊಗಳಿದ ಭರದಲ್ಲಿ ತಾನು ಮತ್ತೆ ಬೆಲೆ ಹೇಳಿಯೇ ಹೇಳುತ್ತೇನೆ. ಎಫಿಜೇನಿಯಾ ಮತ್ತೆ ಸೋಪು ತೆಗೆದುಕೊಳ್ಳುತ್ತಾಳೆ.

"ಏನಂದ್ರಿ ಸಾರ್?" ಎಂದು ಅವನು ಇಡೀ ಅಂಗಡಿಗೆ ಕೇಳುವಂತೆ ದನಿ ಎತ್ತಿದ. "ನನ್ನ ಹೆಂಡ್ತಿ ಉಂಗುರಾನಾ? ಅಯ್ಯೋ ಗಾಜು ಸಾರ್ ಅದು! ಅಪ್ಪಟ ಗಾಜು!"

"ಅಂತೂ ಬಾಯಿ ಬಿಟ್ಟನಪ್ಪಾ!" ಎಂದು ಒತಾವಿಯಾನೊ ಪೇಪರು ಎಸೆದು ಕುಣಿದೇಬಿಟ್ಟ. ಬೆಂಚು ಪೂರ್ತಿ ಬಿದ್ದು ಬಿದ್ದು ನಕ್ಕಿತು. ಅರ್ಲಿಂದೊ ಕನ್ನಡಿಯಲ್ಲಿ ಒಮ್ಮೆ ಜುವೆನಾಲ್‌ನ ಮುಖ ನೋಡಿ, ಕಣ್ಣು ಮುಚ್ಚಿ ಗದ್ದ ಮೇಲೆತ್ತಿದ. ಜುವೆನಾಲ್ ಅವನಿಗೆ ಆ ದಿನ ಒಂದು ಗೀರೂ ಇಲ್ಲದ ಹಾಗೆ ಕ್ಷೌರ ಮಾಡಿದ, ದುಡ್ಡು ಮಾತ್ರ ತೆಗೆದುಕೊಳ್ಳಲಿಲ್ಲ.