ಪಾಲು ಹಂಚಿದ ಮಗ್ಗಿ

ಚಿಕ್ಕವ್ವನ ಸೆರಗಿನ ತುದಿ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಬರೀ ನೀರಿನಿಂದ ಒದ್ದೆಯಾಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆನೇನೋ. ಬೆಳಿಗ್ಗೆ ಎದ್ದ ಕೂಡಲೇ ಕೈಗೂಸಿನ ಜೊಲ್ಲು, ಅದರ ಮೇಲಿನ ಮಗುವಿನ ಸಿಂಬಳ, ಆಮೇಲೆ ಸ್ಲೇಟಿನ ಮೇಲಿನ ಬಳಪದ ಪುಡಿ, ಹಂಚಿನ ಅಂಚಿನ ಮಸಿ, ಎಲ್ಲವೂ ಆ ಗೇಣುದ್ದದ ಬಟ್ಟೆಗೇ ಬರಬೇಕು. ಅದೇ ತುದಿಯಿಂದ ಹಿತ್ತಾಳೆ ಲೋಟದ ಒಳಗನ್ನು ಒಂದು ಸುತ್ತು ಒರೆಸಿ, ಹಾಲು ಬಗ್ಗಿಸಿ, "ಕುಡಿಯವ್ವ, ಆರಿ ಹೋಗ್ತೈತೆ" ಎಂದು ನನ್ನ ಮುಂದೆ ಹಿಡಿಯುತ್ತಿದ್ದಳು. ನಾನು ಉಸಿರು ಬಿಗಿಹಿಡಿದು ಕುಡಿಯುತ್ತಿದ್ದೆ. ಒಂದೆರಡು ಸಲ ಹಿತ್ತಲಿಗೆ ಓಡಿ ಕಕ್ಕಿದ್ದೂ ಉಂಟು. ಈಗ ಅದನ್ನು ನೆನೆದು ನಗುವಷ್ಟು ದೊಡ್ಡತನ ನನಗೆ ಬಂದಿಲ್ಲ.

ಅವಳು ನನ್ನ ಅವ್ವನ ತಂಗಿ. ದಾವಣಗೆರೆಯ ಹಳೇ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಚಿಕ್ಕಪ್ಪನ ಹೆಂಡತಿ. ಐವತ್ತರ ದಶಕದ ನಡುವಿನ ಮಾತು. ನಾನು ಮಲೆಬೆನ್ನೂರಿನಲ್ಲಿ ನಾಲ್ಕನೇ ಕ್ಲಾಸು ಮುಗಿಸಿದ್ದೆ. ಬಾಣಂತನದಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. "ದಾವಣಗೆರೆ ದೊಡ್ಡೂರು, ಬೇಕಾದಷ್ಟು ಸಾಲಿ ಅದಾವೆ, ಚಿಕ್ಕವ್ವನ ಮನ್ಯಾಗಿದ್ದು ಓದ್ಕೋ" ಎಂದು ಅಪ್ಪ ಬಸ್ಸು ಹತ್ತಿಸಿದ. ಶಾಲೆಗಳು ಬೇಕಾದಷ್ಟಿದ್ದವು, ನಿಜ. ಆದರೆ ಚಿಕ್ಕಪ್ಪನ ಮನೆಯಿಂದ ಯಾವ ಮಗುವೂ ಯಾವ ಶಾಲೆಗೂ ಹೋಗುತ್ತಿರಲಿಲ್ಲ ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು.

ಅದರ ಕಾರಣ ಕೇಳಿದರೆ ಸೆರಗಿನ ಹೇಸಿಗೆ ಏನೂ ಅಲ್ಲ ಅನಿಸುತ್ತದೆ. ಹಿರಿಯ ಮಗಳು ಗಿರಿಜ ಒಂದನೇ ಕ್ಲಾಸಿನಲ್ಲಿದ್ದಾಗ, ಶಾಲೆಯ ಕೊಡದಿಂದ ಎಲ್ಲ ಜಾತಿಯ ಮಕ್ಕಳೂ ಒಂದೇ ಲೋಟದಲ್ಲಿ ನೀರು ಕುಡಿಯುತ್ತಾರೆ ಎಂದು ಮನೆಗೆ ಬಂದು ಹೇಳಿದಳಂತೆ. ಚಿಕ್ಕಪ್ಪ ಅಂದೇ ಹೋಗಿ, ನಮ್ಮ ಮಗಳಿಗೆ ಬೇರೆ ಲೋಟ, ಬೇರೆ ಮಣೆ ಬೇಕೆಂದ. ಮೇಷ್ಟ್ರು ಆಗುವುದಿಲ್ಲ ಎಂದರು. ಆ ಮಧ್ಯಾಹ್ನವೇ ಮಗಳ ಕೈ ಹಿಡಿದು ಕರೆದುಕೊಂಡು ಬಂದ. "ಕಂಡಕಂಡೋರ ಮಗ್ಗಲಾಗ ಕುಂತು ಕಲಿಯೋ ವಿದ್ಯೆ ನಮಗೆ ಬ್ಯಾಡ. ನಮ್ಮನ್ಯಾಗ ನಾವೇ ಕಲಿಸ್ತೀವಿ" ಎಂದು ಪೇಟೆಗೆಲ್ಲ ಕೇಳುವಂತೆ ಹೇಳಿದನಂತೆ. ಅದೇ ಮನುಷ್ಯ ಅಂಗಡಿಯಲ್ಲಿ ಅದೇ ಕಂಡಕಂಡವರನ್ನು ಗಾದಿಯ ಮೇಲೆ ಕೂರಿಸಿ, ಬೆನ್ನು ಸವರಿ, ಟೇಪು ಹಿಡಿದು ಅಂಗಿಗೆ ಅಳತೆ ತೆಗೆಯುತ್ತಿದ್ದ. ಅಲ್ಲಿ ಅವನಿಗೆ ಯಾವ ಮೈಲಿಗೆಯೂ ತಟ್ಟುತ್ತಿರಲಿಲ್ಲ.

ನಾವೇ ಕಲಿಸುತ್ತೇವೆ ಎಂದರೆ ಚಿಕ್ಕವ್ವ ಕಲಿಸಬೇಕು ಎಂದರ್ಥ. ಅವಳು ಹರಿಹರದ ತವರಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದಳು. ಐದು ಮಕ್ಕಳು, ನನ್ನನ್ನು ಸೇರಿಸಿ ಆರು. ಬೆಳಿಗ್ಗೆ ಹತ್ತಿ ಗಿರಣಿ ಕೂಗಿದ ಕೂಡಲೇ ಒಲೆ ಹತ್ತುತ್ತಿತ್ತು, ಒಲೆಯ ಜೊತೆಗೇ ಶಾಲೆಯೂ ಹತ್ತುತ್ತಿತ್ತು. ರೊಟ್ಟಿ ತಟ್ಟುತ್ತ ಮಗ್ಗಿ ಹೇಳಿಸುವಳು. ತಲೆ ಬಾಚುತ್ತ, ಹೇನು ಕುಕ್ಕುತ್ತ ಪದ್ಯ ಹೇಳಿಸುವಳು. ನಾಲ್ಕು ವರ್ಷದವನು ಬಚ್ಚಲ ಪಕ್ಕದಲ್ಲಿ ಎರಡಕ್ಕೆ ಕುಳಿತಲ್ಲಿಂದಲೇ ಅ ಆ ಇ ಈ ಕೂಗಬೇಕು, ಒಂದಕ್ಷರ ತಪ್ಪಿದರೆ ಒಳಗಿನಿಂದ ತಿದ್ದುವಳು. "ಕೈ ಖಾಲಿ ಇಲ್ಲ, ಬಾಯಿ ಖಾಲಿ ಐತಲ್ಲ, ಹೇಳು" ಎನ್ನುವುದು ಅವಳ ಮಾತು. ಅದನ್ನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದೆವು.

ಒಂದು ದಿನ ಹಿತ್ತಲಲ್ಲಿ ಸಗಣಿ ಕಲಸಿ ಗೋಡೆಗೆ ಕುಳ್ಳು ತಟ್ಟುತ್ತ ನಮಗೆ ಉಕ್ತಲೇಖನ ಕೊಡುತ್ತಿದ್ದಳು. ನಾನು ಒಂದು ಒತ್ತಕ್ಷರ ಬಿಟ್ಟೆ. ಅವಳು ಬಗ್ಗಿ ನೋಡಿ, ಕೈ ತೊಳೆಯುವ ವ್ಯವಧಾನವೂ ಇಲ್ಲದೆ, ಸಗಣಿ ಬೆರಳಿನಿಂದಲೇ ನನ್ನ ಸ್ಲೇಟಿನ ಮೇಲೆ ಆ ಒತ್ತನ್ನು ಎಳೆದಳು. ಮಲೆಬೆನ್ನೂರಿನಿಂದ ತಂದಿದ್ದ ಹೊಸ ಸ್ಲೇಟು ಅದು. ನಾನು ಅಳುತ್ತ ಅದನ್ನು ಬೂದಿ ಹಾಕಿ ಮೂರು ಸಲ ತೊಳೆದೆ. ಒತ್ತಕ್ಷರ ಮಾತ್ರ ಮತ್ತೆಂದೂ ತಪ್ಪಲಿಲ್ಲ. ಅವಳ ಬಗ್ಗೆ ಏನು ಬರೆಯಹೋದರೂ ಹೀಗೇ ಆಗುತ್ತದೆ. ಹೇಸಿಗೆಪಟ್ಟುಕೊಂಡೇ ಋಣಿಯಾಗಬೇಕು.

ಸಂಜೆ ಚಿಕ್ಕಪ್ಪ ಉಣ್ಣಲು ಕುಳಿತಾಗ ಪಾಠ ಒಪ್ಪಿಸಬೇಕು. ಊಟದ ಮಣೆಯ ಪಕ್ಕದಲ್ಲಿ ಅವನು ಬೆತ್ತ ಇಟ್ಟುಕೊಳ್ಳುತ್ತಿದ್ದ. ಯಾವ ಮಗು ಎಲ್ಲಿ ನಿಂತರೂ ಎಡಗೈಯಿಂದ ಬೀಸಿದರೆ ತಲುಪುವಷ್ಟು ಉದ್ದದ ಬೆತ್ತ. ಎಲ್ಲರಿಗೂ ಎಲ್ಲವನ್ನೂ ಬಾಯಿಪಾಠ ಮಾಡಿಸಲು ಚಿಕ್ಕವ್ವನಿಗೆ ಹೊತ್ತು ಎಲ್ಲಿತ್ತು? ಅವಳು ಒಂದು ಉಪಾಯ ಮಾಡಿದ್ದಳು. ಪ್ರತಿ ಪಾಠವನ್ನೂ ಪಾಲು ಹಂಚಿಬಿಡುವುದು. ಮೊದಲ ಪಾಲು ಗಿರಿಜಳದು, ಎರಡನೆಯದು ಅವಳ ತಮ್ಮ ಶಂಭುವಿನದು, ಮೂರನೆಯದು ನನ್ನದು, ಕೊನೆಯ ಚೂರುಪಾರು ಚಿಕ್ಕವರದು. ಗಿರಿಜ ತನ್ನ ಪಾಲು ಹೇಳಿ ಅರ್ಧ ಹೆಜ್ಜೆ ಎಡಕ್ಕೆ ಸರಿದರೆ ಶಂಭು ಮುಂದೆ ಬರುವನು, ಅವನು ಸರಿದರೆ ನಾನು. ಎಲ್ಲೂ ತಡವರಿಕೆ ಇಲ್ಲ. ಬಾಯಲ್ಲಿ ತುತ್ತು ಇಟ್ಟುಕೊಂಡೇ ಚಿಕ್ಕಪ್ಪ ತಲೆದೂಗುತ್ತಿದ್ದ. ಸಾರು ಗಡ್ಡಕ್ಕೆ ಇಳಿಯುತ್ತಿತ್ತು. "ಯಾವ ಸಾಲಿಯಾಗ ಇಂಗ್ ಹೇಳ್ತಾವ?" ಎನ್ನುತ್ತಿದ್ದ. ಆ ವರ್ಷವೆಲ್ಲ ಬೆತ್ತ ಮೇಲೇಳಲಿಲ್ಲ.

ನಾನು ಶಾಲೆಯಲ್ಲಿ ನಾಲ್ಕು ವರ್ಷ ಕಲಿತಿದ್ದವಳು. ನನಗೆ ಎಲ್ಲರ ಪಾಲೂ ಬರುತ್ತಿತ್ತು. ಉಳಿದವರಿಗೆ ಅವರವರದಷ್ಟೇ.

ಗಿರಿಜಳಿಗೆ ಹನ್ನೊಂದು ತುಂಬಿತ್ತು. ಇನ್ನೊಂದೆರಡು ವರ್ಷಕ್ಕೆ ದೊಡ್ಡವಳಾದರೆ ಹೊಸ್ತಿಲು ದಾಟುವ ಮಾತೇ ಇಲ್ಲ. ಚಿಕ್ಕವ್ವನಿಗೆ ಅದೊಂದೇ ಕೊರೆತ. ಒಂದು ಸಂಜೆ ಪಾಠ ಚೆನ್ನಾಗಿ ಒಪ್ಪಿಸಿ ಮುಗಿದಾಗ, ಮಜ್ಜಿಗೆ ಬಡಿಸುತ್ತ ಕೇಳಿದಳು: "ಇಷ್ಟು ಕಲಿತಾಳಲ್ರಿ, ಗಿರಿಜನ್ನ ಹರಿಹರದ ಹೆಣ್ಣುಮಕ್ಕಳ ಸಾಲಿಗೆ ಹಾಕಾನೇನ್ರಿ? ನಮ್ಮಣ್ಣನ ಮನ್ಯಾಗಿರ್ತಾಳೆ. ಅಲ್ಲಿ ದೊಡ್ಡ ಟೀಚರು ನಮ್ಮೋರೇ."

ನಮ್ಮವರೇ ಎಂಬ ಮಾತು ಕೆಲಸ ಮಾಡಿತು. ಚಿಕ್ಕಪ್ಪ ಕೈ ನೆಕ್ಕಿ ಹೇಳಿದ: "ನೇರ ಐದನೇ ಕ್ಲಾಸಿಗೆ ತಗಂಡ್ರೆ ಹಾಕು. ಕೆಳಗಿಂದಕ್ಕೆ ಅಂದ್ರೆ ನನ್ನ ಮಾನ ಹೋಗ್ತೈತೆ. ಒಂದೇ ಸಲ ನೋಡ್ತೀನಿ. ತಗಳ್ಳಿಲ್ಲಾಂದ್ರೆ ಮತ್ತೆ ಈ ಮಾತು ಎತ್ತಬ್ಯಾಡ."

ಮುಂದಿನ ವಾರ ಬೆಳಗಿನ ರೈಲಿಗೆ ಹೊರಟೆವು. ಚಿಕ್ಕವ್ವ, ಗಿರಿಜ, ಕೈಗೂಸು, ಕೂಸು ಎತ್ತಿಕೊಳ್ಳಲು ನಾನು. ಡಬ್ಬಿಯಲ್ಲಿ ಗಿರಿಜ ತುಟಿ ಬಿಳಿಚಿಕೊಂಡು ಕುಳಿತಿದ್ದಳು. ಅಂಜಿಕೆ. ಹರಿಹರ ಇನ್ನೇನು ಬಂತು ಎನ್ನುವಾಗ ನನ್ನ ಹೊಸ ಲಂಗದ ಮೇಲೆ ಕಕ್ಕಿಬಿಟ್ಟಳು. ಹುಳಿ ನಾತ, ಬಿಸಿ ಬಿಸಿ, ತೊಡೆಯವರೆಗೆ ಇಳಿಯಿತು. ಚಿಕ್ಕವ್ವ ಎಂದಿನಂತೆ ಸೆರಗಿನ ತುದಿಯಿಂದ ನನ್ನ ಲಂಗ ಒರೆಸಿದಳು, ಗಿರಿಜಳ ಬಾಯಿ ಒರೆಸಿದಳು, ಆಮೇಲೆ ಅದೇ ಕೈಯಿಂದ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ನನ್ನ ಕಡೆ ಚಾಚಿದಳು. ನಾನು ಮುಖ ತಿರುಗಿಸಿದೆ. ಗಿರಿಜ "ತಪ್ಪಾತು ಕಣೇ" ಎಂದಳು. ಸ್ಟೇಷನ್ನಿನಿಂದ ಶಾಲೆಯವರೆಗೂ ಆ ಒದ್ದೆ ಲಂಗ ಕಾಲಿಗೆ ಅಂಟುತ್ತಿತ್ತು. ಒಂದೊಂದು ಹೆಜ್ಜೆಗೂ ಗಿರಿಜಳ ಮೇಲೆ ನನಗೆ ದ್ವೇಷ ಏರುತ್ತಿತ್ತು.

ದೊಡ್ಡ ಟೀಚರು ಗಿರಿಜಳನ್ನು ಒಬ್ಬಳನ್ನೇ ಒಳಗೆ ಕರೆದರು. ನಾವು ಪಡಸಾಲೆಯ ಕಲ್ಲುಬೆಂಚಿನ ಮೇಲೆ ಕುಳಿತೆವು. ಕಿಟಕಿ ತೆರೆದಿತ್ತು, ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು. ಹದಿಮೂರರ ಮಗ್ಗಿ ಕೇಳಿದರು. ಗಿರಿಜ ಗಂಟೆ ಹೊಡೆದಂತೆ ಶುರುಮಾಡಿದಳು. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು, ಹದಿಮೂರು ಮೂರ್ಲ ಮೂವತ್ತೊಂಬತ್ತು, ಹದಿಮೂರು ನಾಕ್ಲ ಐವತ್ತೆರಡು. ಅಷ್ಟು ಹೇಳಿ ಅರ್ಧ ಹೆಜ್ಜೆ ಎಡಕ್ಕೆ ಸರಿದು ನಿಂತಳು.

ಟೀಚರು ಕಾದರು. "ಹೇಳಮ್ಮ, ಮುಂದೆ."

ಗಿರಿಜ ಖಾಲಿ ಬಲಗಡೆಯನ್ನು ನೋಡಿದಳು. ಅಲ್ಲಿ ಶಂಭು ಇರಲಿಲ್ಲ.

"ಹೋಗಲಿ ಬಿಡು. ತುಂಗಭದ್ರಾ ನದಿ ಹೆಂಗೆ ಹುಟ್ಟುತ್ತೆ ಹೇಳು."

"ತುಂಗಾ ಮತ್ತು ಭದ್ರಾ ನದಿಗಳು ಕೂಡ್ಲಿಯಲ್ಲಿ ಕೂಡಿ ತುಂಗಭದ್ರೆಯಾಗುತ್ತವೆ."

"ಅಲ್ಲಿಂದ ಯಾವ ಯಾವ ಊರಿನ ಮೇಲೆ ಹರಿಯುತ್ತೆ?"

ಅದು ಶಂಭುವಿನ ಪಾಲು. ಆ ಹುಡುಗಿ ಹರಿಹರದಲ್ಲೇ ನಿಂತಿದ್ದಾಳೆ, ಹೊಳೆಯ ಗಾಳಿ ಕಿಟಕಿಯೊಳಗೆ ಬರುತ್ತಿದೆ, ಬಾಯಲ್ಲಿ ಹರಿಹರ ಎಂಬ ಹೆಸರು ಬರಲಿಲ್ಲ. ಅವಳು ತಿರುಗಿ ಕಿಟಕಿಯ ಮೂಲಕ ನನ್ನನ್ನು ನೋಡಿದಳು. ಶಂಭು ಇಲ್ಲದಿದ್ದರೆ ಮುಂದಿನವಳು ನಾನಲ್ಲವೇ? ನಾನು ತುಟಿ ಅಲ್ಲಾಡಿಸಿದ್ದರೂ ಸಾಕಿತ್ತು, ಒಂದೇ ಹೆಸರು ಸಿಕ್ಕಿದ್ದರೂ ಅವಳಿಗೆ ಧೈರ್ಯ ಬರುತ್ತಿತ್ತು. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಕುಳಿತೆ. ಬೇಕೆಂದೇ ತಿರುಗಿದೆ.

ಚಿಕ್ಕವ್ವ ಎದ್ದು ಒಳಗೆ ಹೋದಳು. ಗಂಡಸರ ಮುಂದಿರಲಿ, ಗುರುತಿಲ್ಲದ ಹೆಂಗಸರ ಮುಂದೂ ಗಟ್ಟಿಯಾಗಿ ಮಾತಾಡದವಳು. "ತಪ್ಪು ಕೂಸಿಂದಲ್ಲಮ್ಮ, ನಂದು. ನಮ್ಮನ್ಯಾಗ ಪಾಲು ಹಂಚಿ ಕಲಿಸೀನಿ. ಅವರಪ್ಪನ ಬೆತ್ತ ತಪ್ಸಾಕೆ ಹಂಗ್ ಮಾಡಿದ್ದು. ಮೂರು ತಿಂಗಳು ಟೈಮು ಕೊಡ್ರಿ, ಪೂರ್ತಿ ಹೇಳಿಸ್ತೀನಿ."

"ಅದೆಲ್ಲ ನನಗೆ ಗೊತ್ತಾಗಲ್ಲಮ್ಮ. ಇವಳಿಗೆ ಎಲ್ಲ ಅರ್ಧರ್ಧ ಬರುತ್ತೆ. ಮೂರನೇ ಕ್ಲಾಸಿಗಾದರೆ ಈಗಲೇ ತಗೋತೀನಿ" ಎಂದರು ಟೀಚರು. ಅವರು ಕೆಟ್ಟವರೇನಲ್ಲ. ಹೊರಗೆ ಇನ್ನೂ ಎಂಟು ಹತ್ತು ಜನ ಕಾಯುತ್ತಿದ್ದರು. ಆಮೇಲೆ ನನ್ನ ಕಡೆ ನೋಡಿ, "ಈ ಹುಡುಗಿ ಎಷ್ಟನೇ ಕ್ಲಾಸು?" ಎಂದರು.

ನಾನು ಎದ್ದು ನಿಂತು ಹದಿಮೂರರ ಮಗ್ಗಿಯನ್ನು ಪೂರ್ತಿ ಹೇಳಿದೆ. ಕೂಡ್ಲಿಯಿಂದ ಹಂಪೆಯವರೆಗೆ ಹೊಳೆಯನ್ನು ಹರಿಸಿದೆ. ಯಾರೂ ಹೇಳು ಅಂದಿರಲಿಲ್ಲ. ಗಿರಿಜ ಬಾಯಿ ತೆರೆದು ಕೇಳುತ್ತಿದ್ದಳು. ನನ್ನನ್ನು ಐದನೇ ಕ್ಲಾಸಿಗೆ ತೆಗೆದುಕೊಂಡರು. ಚಿಕ್ಕವ್ವ ನನ್ನನ್ನು ಸೇರಿಸುವ ಕಾಗದವನ್ನು ಒಂದು ಸಲ ಪೂರ್ತಿ ಓದಿ, ಪೋಷಕರ ಜಾಗದಲ್ಲಿ ದುಂಡಗೆ ತನ್ನ ಹೆಸರು ಬರೆದಳು. ಸಂಜೆ ನನ್ನನ್ನು ಅಣ್ಣನ ಮನೆಯಲ್ಲಿ ಬಿಟ್ಟು, ಮಗಳನ್ನೂ ಕೂಸನ್ನೂ ಕರೆದುಕೊಂಡು ರೈಲು ಹತ್ತಿದಳು.

ಅಂದು ಊಟದ ಹೊತ್ತಿನಲ್ಲಿ ನಡೆದದ್ದನ್ನು ಶಂಭು ಆಮೇಲೆ ಹೇಳಿದ. ತೆಗೆದುಕೊಳ್ಳಲಿಲ್ಲ ಎಂದು ಕೇಳಿ ಚಿಕ್ಕಪ್ಪನಿಗೆ ಸಂತೋಷವೇ ಆಯಿತಂತೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹದಿಮೂರರ ಮಗ್ಗಿ ಹೇಳಿಸಿದನಂತೆ. ಚಿಕ್ಕವ್ವ ಬಂದ ಕೂಡಲೇ ಬಾಯಿಪಾಠ ಮಾಡಿಸಿದ್ದ ನನ್ನ ಪಾಲನ್ನು ಶಂಭುವೇ ಸೇರಿಸಿಕೊಂಡು ಹೇಳಿದನಂತೆ. "ಇಂಥಾ ಮಕ್ಕಳನ್ನ ಬ್ಯಾಡ ಅಂದ್ಳಲ್ಲ, ಆಕೀದು ಎಂಥಾ ಸಾಲಿ" ಎಂದು ಎರಡು ರೊಟ್ಟಿ ಜಾಸ್ತಿ ತಿಂದನಂತೆ. ಮರುವರ್ಷ ಅಂಗಡಿಗೆ ಇಂಗ್ಲಿಷ್ ಕಾಗದ ಬರತೊಡಗಿದಾಗ ಶಂಭುವನ್ನು ಸದ್ದಿಲ್ಲದೆ ಶಾಲೆಗೆ ಸೇರಿಸಿದ. ಆ ಶಾಲೆಯಲ್ಲೂ ಕೊಡ ಒಂದೇ, ಲೋಟ ಒಂದೇ. ಗಂಡುಮಗನ ಗಂಟಲಿಗೆ ಅದು ಇಳಿಯಿತು. ಗಿರಿಜ ಮನೆಯಲ್ಲೇ ಉಳಿದು ಚಿಕ್ಕವರಿಗೆ ಅಕ್ಷರ ತಿದ್ದಿಸಿದಳು. ಹದಿನೈದಕ್ಕೆ ರಾಣೇಬೆನ್ನೂರಿಗೆ ಮದುವೆ ಮಾಡಿ ಕಳಿಸಿದರು. ಇದನ್ನೆಲ್ಲ ಬರೆಯಲು ನನಗೆ ಬೇರೆ ಮರ್ಯಾದೆಯ ಮಾತು ಸಿಗುವುದಿಲ್ಲ. ಥೂ ಅನಿಸುತ್ತದೆ, ಅಷ್ಟೇ.

ನಾನು ಓದಿದೆ, ಹರಿಹರದಲ್ಲೇ ಟೀಚರಾದೆ. ಅರವತ್ತರ ದಶಕದ ಕೊನೆಗೆ ಚಿಕ್ಕವ್ವನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದರು. ನೋಡಲು ಹೋದಾಗ ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಮಲಗಿದ್ದಳು. ಕೋಣೆ ನಾರುತ್ತಿತ್ತು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಮೇಲೆ ನಾಚಿಕೆಯಾಗಿ ಕೈ ತೆಗೆದು, ಬಿಸಿನೀರು ತಂದು ಅವಳ ಮೈ ಒರೆಸಿದೆ. ಒರೆಸುತ್ತ ಹೇಳಿಬಿಟ್ಟೆ: "ಚಿಕ್ಕವ್ವ, ಅವತ್ತು ನಂಗೆ ಎಲ್ಲ ಗೊತ್ತಿತ್ತು. ಗಿರಿಜ ನನ್ನ ನೋಡಿದ್ಲು. ನಾನು ಬೇಕಂತ್ಲೇ ತಿರುಗಿದೆ."

"ಗೊತ್ತು" ಎಂದಳು. "ನಾನು ನಿನ್ನ ಮಗ್ಗಲಾಗೇ ಕುಂತಿದ್ನಲ್ಲ."

"ಮತ್ತೆ ಯಾಕ ನನ್ನ ಕಾಗದಕ್ಕೆ ಸಹಿ ಹಾಕಿದಿ?"

ಉಸಿರು ಕೂಡಿಸಿಕೊಂಡು, "ಇದನ್ನ ಗಿರಿಜನ ಮುಂದೆ ಬಾಯಿ ಬಿಡಬ್ಯಾಡ" ಎಂದಳು. "ಆಕಿ ಮಗಳನ್ನ ನಿನ್ನತ್ರ ಇಟ್ಟು ಓದ್ಸಬೇಕಂತ ಅದಾಳೆ. ಗಂಡನ ಮನಿಯೋರ ಹತ್ರ ಜಗಳಾಡಿ ಒಪ್ಸ್ಯಾಳೆ. ಇದು ಗೊತ್ತಾದ್ರೆ ಕಳಸಲ್ಲ. ನಿನ್ನ ಹೊಟ್ಟಿ ಹಗುರಾಗ್ಲಿ ಅಂತ ಆ ಕೂಸಿನ ಓದು ಕೆಡಿಸಬ್ಯಾಡ."

ಹದಿನೈದು ದಿನಕ್ಕೆ ಅವಳು ಹೋದಳು.

ಜೂನ್ ತಿಂಗಳಲ್ಲಿ ಗಿರಿಜ ಮಗಳನ್ನು ಕರೆದುಕೊಂಡು ಹರಿಹರಕ್ಕೆ ಬಂದಳು. ಏಳು ವರ್ಷದ ಹುಡುಗಿ, ತಾಯಿಯದೇ ಮುಖ. ಶಾಲೆಯ ಬಾಗಿಲಲ್ಲಿ ನಿಂತು ಅವಳ ಕೈಯನ್ನು ನನ್ನ ಕೈಯಲ್ಲಿಟ್ಟು, "ನೀನು ಅದೀಯಲ್ಲ, ನಂಗೇನು ಅಂಜಿಕಿಲ್ಲ" ಎಂದಳು ಗಿರಿಜ. ನಾನು ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿ, ಅವಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದೆ.