ಬಾಯ್ಲರಿನ ಕೆಳಗಿನ ಕಟ್ಟೆ

ನಮ್ಮ ಬಡವನಹಳ್ಳಿಯ ಗಾರೆ ಮೇಸ್ತ್ರಿಯ ಹತ್ತು ಬೆರಳ ತುದಿಯನ್ನೂ ಸುಣ್ಣ ತಿಂದು ಹಾಕಿತ್ತು. ಬಿಸಿ ಲೋಟ ಹಿಡಿಯಲಾಗದೆ ಟವೆಲ್ಲಿನಲ್ಲಿ ಸುತ್ತಿಕೊಂಡು ಕಾಫಿ ಕುಡಿಯುತ್ತಿದ್ದರು.

ಎಂಬತ್ತನೇ ಇಸವಿಯ ಆಚೀಚೆಯ ಮಾತು. ನನ್ನ ಮಗಳಿಗೆ ಚೊಚ್ಚಲು. ಮಧುಗಿರಿ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು ಅಂತ ಸುದ್ದಿ ಬಂದಾಗ ನಾನು ಹಿಗ್ಗಿ ಹೀರೇಕಾಯಿಯಾದೆ. ಬೀದಿಗೆಲ್ಲ ಸಕ್ಕರೆ ಹಂಚಿದೆ, ಕೆಲವರಿಗೆ ಎರಡು ಸಲ. ಬಾಣಂತಿಯ ನೀರಿಗೆಂದು ಹಳೇ ಹಂಡೆ ಕೊಟ್ಟು ತಾಮ್ರದ ಬಾಯ್ಲರ್ ತಂದಿಟ್ಟಿದ್ದೆವು. ಅದನ್ನು ನಿಲ್ಲಿಸಲು ಮೇಸ್ತ್ರಿ ಬಚ್ಚಲಲ್ಲಿ ಕಲ್ಲಿನ ಕಟ್ಟೆ ಕಟ್ಟಿದ್ದರು.

ಮಗಳು ಬರುವ ಹಿಂದಿನ ದಿನ ಅದನ್ನು ಕೂರಿಸಲು ಬಂದ ಮೇಸ್ತ್ರಿ ಬಾಯ್ಲರ್ ಮುಟ್ಟಲಿಲ್ಲ. ನಾನೂ ನಮ್ಮ ಯಜಮಾನರೂ ಕಟ್ಟೆ ಹತ್ತಿ ನಿಲ್ಲಬೇಕು ಅಂದರು.

"ನೀರು ತುಂಬುದ್ರೆ ನಿಮ್ಮಿಬ್ರು ತೂಕ ಆಯ್ತದೆ. ಅತ್ರ ನಿಂತ್ಕಳಿ, ಕಟ್ಕೊಂಡ್ ಎಂಡ್ತಿ ತಾನೆ."

"ಅಸೆಮಣೆ ಮೇಲೂ ಇಷ್ಟು ಅತ್ರ ಕೂತಿರ್ಲಿಲ್ಲ ಕಣಯ್ಯ," ಅಂದರು ಯಜಮಾನರು.

ಮೇಸ್ತ್ರಿ ನಗಲಿಲ್ಲ. ಬಗ್ಗಿ ನೋಡುತ್ತಿದ್ದರು. ಮೋರಿ ಕಡೆಯ ಮೂಲೆ ಒಂದೆಳೆ ಕುಸಿದಿತ್ತಂತೆ. ನಮ್ಮ ಕಣ್ಣಿಗೇನೂ ಕಾಣಲಿಲ್ಲ.

"ಒಂದು ಕಲ್ಲು ಚಕ್ಕೆ ಕೊಟ್ಟು ನಿಲ್ಸ್‌ಬುಡಿ ಮೇಸ್ತ್ರಿ. ನಾಳೆ ಕೂಸು ಬತ್ತದೆ," ಅಂತ ಗೋಗರೆದೆ.

"ಚಕ್ಕೆ ಜಾರ್‍ದಾಗ ಪಕ್ಕದಲ್ಲಿ ಕೂತಿರೋದು ನಿನ್ ಮಗ್ಳು, ಕೂಸು ಕಣಮ್ಮ. ತಪ್ಪು ನಂದೇ. ಗಟ್ಟಿ ನೆಲ ಸಿಗೋಗಂಟ ಅಗೀಲಿಲ್ಲ ನಾನು."

ಕಟ್ಟಿದ್ದನ್ನು ತಾವೇ ಹಾರೆ ಹಾಕಿ ಕೆಡವಿದರು. ಮೊಣಕಾಲುದ್ದ ಅಗೆದು ಕತ್ತಲಾಗುವುದರೊಳಗೆ ಹೊಸದು ಕಟ್ಟಿದರು. ಗಾರೆ ಬಲಿಯಲು ಎಂಟು ದಿನ ಬೇಕು ಅಂದಾಗ ನನಗೆ ಅಳುವೇ ಬಂತು. ಅಡುಗೆ ಪಾತ್ರೆಗಳಲ್ಲಿ ಕಾಯಿಸಿದ ನೀರು ಬಾಣಂತಿಗೆ ಎಲ್ಲಿ ಸಾಲುತ್ತದೆ?

ಮರುದಿನ ಮಗಳು ಮನೆಗೆ ಬಂದ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಮೇಸ್ತ್ರಿ. ಹೆಗಲ ಮೇಲೆ ಗೋಣಿ ಸುತ್ತಿದ ಕೊಡ, ಹಬೆಯಾಡುವ ನೀರು. ಹಿಂದೆ ಅವರ ಹೆಂಡತಿ, ತಲೆಯ ಮೇಲೆ ಇನ್ನೊಂದು ಕೊಡ.

"ನಮ್ಮನೆ ಅಂಡೇದು. ಆರೋಗೋದ್ರೊಳ್ಗೆ ಉಯ್ರಿ."

ಎಂಟು ದಿನವೂ ಹೀಗೇ, ದಿನಕ್ಕೆ ಎರಡೆರಡು ಸಲ. ಒಳಗೆ ಮಗಳ ಮೈಮೇಲೆ ನೀರು ಬೀಳುತ್ತಿದ್ದರೆ, ಹೊರಗೆ ಮೇಸ್ತ್ರಿ ಜಗಲಿಯಲ್ಲಿ ಕೂತು ಬೆರಳುಗಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು.

ಒಂಬತ್ತನೇ ದಿನ ನಾವಿಬ್ಬರೂ ಮತ್ತೆ ಕಟ್ಟೆ ಹತ್ತಿ ಇಳಿದೆವು. ಮೇಸ್ತ್ರಿ ಬಗ್ಗಿ ನೋಡಿ ತಲೆಯಾಡಿಸಿದ ಮೇಲೇ ಬಾಯ್ಲರ್ ಕೂತದ್ದು, ಬೆಂಕಿ ಬಿದ್ದದ್ದು. ಅಂದು ಮಗಳು ಸಾಕು ಸಾಕು ಅನ್ನುವವರೆಗೂ ಹುಯ್ದೆ. ಕೂಸು ನೀರು ಹಾಕಿಸಿಕೊಂಡು ಮಧ್ಯಾಹ್ನದವರೆಗೂ ನಿದ್ದೆ ಮಾಡಿತು.

ಮೇಸ್ತ್ರಿ ತೀರಿಕೊಂಡು ಬಹಳ ವರ್ಷವಾಯಿತು. ನೀರು ತುಂಬುವ ಹಬ್ಬದ ದಿನ ಎಲ್ಲರೂ ಬಾಯ್ಲರ್ ಬೆಳಗಿ ಅರಿಶಿನ ಕುಂಕುಮ ಇಡುತ್ತಾರೆ. ನಾನು ಗೋಡೆ ಹಿಡಿದುಕೊಂಡು ಬಗ್ಗಿ, ಮೊದಲು ಕೆಳಗಿನ ಕಟ್ಟೆಗೆ ಇಡುತ್ತೇನೆ. ಬಾಯ್ಲರಿಗೆ ಆಮೇಲೆ.