ಬೀಗರ ಜೀಪಿನ ಫ್ರಿಜ್ಜು

ಅವರ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಇಸ್ತ್ರಿ ಅಂಗಡಿಯ ಮುಂದೆ. ಮಗನ ಅಂಗಿಗಳನ್ನು ಕೊಡಲು ಹೋಗಿದ್ದೆ. ಇಸ್ತ್ರಿಯವನು ತಲೆ ಎತ್ತದೆ, ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತಾ ಹೇಳಿದ.

"ಏನಮ್ಮ, ಇಲ್ಲೇ ನಿಂತಿದ್ದೀರಿ? ಅಲ್ಲಿ ಬೀಗರು ಬಂದಿದ್ದಾರೆ. ಮಂಚ, ಕಪಾಟು, ಪಾತ್ರೆ ಎಲ್ಲಾ ಇಳಿಸ್ತಾ ಇದ್ದಾರೆ. ಇನ್ನು ಮೇಲೆ ಇಲ್ಲೇ ಇರ್ತಾರಂತೆ."

ನನಗೆ ಬೀಗರೆಂದರೆ ಸೊಸೆಯ ಅಪ್ಪ, ಅಮ್ಮ. ಅವರು ಬಂದರೆ ಒಂದು ಹೊತ್ತು ಕೂತು, ಗೋಡೆಯ ಬಣ್ಣ ಚೆನ್ನಾಗಿಲ್ಲ ಎಂದು ಹೇಳಿ ಹೋಗುವವರು. ಮಂಚ, ಕಪಾಟಿನ ಸಮೇತ ಬಂದಿದ್ದಾರೆಂದರೆ ಗೋಡೆಗೆ ತಾವೇ ಬಣ್ಣ ಹೊಡೆದು ಇಲ್ಲೇ ಕೂರುವ ಲೆಕ್ಕಾಚಾರವಿರಬೇಕು. ಅಂಗಿಗಳನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟೆ, ಅಕ್ಕಿ ಸುರಿದೆ, ಮನೆಯಲ್ಲಿದ್ದ ತರಕಾರಿಯನ್ನೆಲ್ಲ ಹೆಚ್ಚಿದೆ. ಆಮೇಲೆ ನೆನಪಾಗಿ ಸೊಸೆಯ ಆಫೀಸಿಗೆ ಫೋನು ಮಾಡಿದೆ.

"ಅತ್ತೆ, ಅಪ್ಪ ಅಮ್ಮ ಅವರ ಮನೇಲೇ ಇದ್ದಾರೆ. ಈಗ ತಾನೇ ಮಾತಾಡಿದೆ. ನಿಮಗೆ ಹುಷಾರಿಲ್ವಾ?" ಎಂದಳು.

ಹಾಗಾದರೆ ಬಂದವರು ಯಾರ ಬೀಗರು? ಹಿತ್ತಲ ಬಾಗಿಲು ತೆಗೆದು ಇಣುಕಿದೆ. ಹಿಂದಿನ ಖಾಲಿ ಮನೆಯ ಮುಂದೆ ಉದ್ದನೆಯ ಒಣಕಲು ಗಂಡಸೊಬ್ಬರು ಏಣಿ ಹತ್ತಿ ಒಂದು ಹಲಗೆ ತೂಗುಹಾಕುತ್ತಿದ್ದರು. ಅದರ ಮೇಲೆ ಕುಂಬಳಕಾಯಿಯಷ್ಟು ದೊಡ್ಡ ಬೀಗದ ಚಿತ್ರ. ಬೀಗ ರಿಪೇರಿ ಮಾಡುವವರು. 'ಬೀಗದವರು' ಎಂದು ಪೂರ್ತಿ ಹೇಳುವಷ್ಟು ವ್ಯವಧಾನ ನಮ್ಮ ಇಸ್ತ್ರಿಯವನ ನಾಲಿಗೆಗೆ ಇರಲಿಲ್ಲ, ಅಷ್ಟೆ.

ಮಾಡಿದ ಅಡುಗೆಯನ್ನು ಏನು ಮಾಡಲಿ? ಮುಚ್ಚಿದ ಪಾತ್ರೆ ಹಿಡಿದು ಅವರ ಮನೆಗೇ ಹೋದೆ.

"ಇದೇನು ದೊಡ್ಡಮ್ಮ, ಗುರುತಿಲ್ಲ, ಪರಿಚಯ ಇಲ್ಲ," ಎಂದರು ಏಣಿಯಿಂದ ಇಳಿಯುತ್ತಾ.

"ಬೀಗರಿಗೆ ಅಂತ ಮಾಡಿದ್ದು. ಬಂದಿರೋ ಬೀಗರು ನೀವೇ ತಾನೆ, ಉಣ್ಣಿ."

ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು. ಅಂದಿನಿಂದ ಯಾವ ನಂಟೂ ಇಲ್ಲದೆ ಅವರು ಇಡೀ ಬೀದಿಗೆ ಬೀಗರಾದರು.

ಬೀಗರಿಗೆ ಬಾಗಿಲು ಎಂಬ ವಸ್ತುವಿನ ಮೇಲೆ ನಂಬಿಕೆ ಇರಲಿಲ್ಲ. ಯಾರ ಮನೆಗೆ ಬಂದರೂ ಚಿಲಕವನ್ನು ಮೊದಲು ಮಾತಾಡಿಸಿ ಆಮೇಲೆ ಮನೆಯವರನ್ನು ಮಾತಾಡಿಸುವರು. ಹೆಂಡತಿ ಅವರಿಗೆ ತದ್ವಿರುದ್ಧ. ಗುಂಡಗೆ, ನಿಧಾನವಾಗಿ, ಯಾವ ಬಾಗಿಲನ್ನೂ ಪೂರ್ತಿ ಮುಚ್ಚದೆ ಓಡಾಡುವ ಹೆಂಗಸು. ಆಕೆಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳಬೇಕು. ಆ ಔಷಧಿ ತಣ್ಣಗಿರಬೇಕು, ಆದರೆ ಹೆಪ್ಪುಗಟ್ಟಬಾರದು. ಬಿಸಿಯಾದರೆ ನೀರಿಗೆ ಸಮ.

ಒಂದು ಮಧ್ಯಾಹ್ನ ಆಕೆ ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಾ ಹೇಳಿದಳು. ಆಕೆಯ ತಾಯಿ ಬೇಗ ಹೋದಳಂತೆ. ಸೊಂಟದ ಮೇಲೆ ಹೊತ್ತು ಸಾಕಿದ್ದು ಅಕ್ಕ. ಆ ಅಕ್ಕ ಈಗ ಹಾಸಿಗೆ ಹಿಡಿದಿದ್ದಾಳೆ. ಇರುವುದು ಕಲ್ಲು ಬಯಲಿನ ಆಚೆ. ಬಸ್ಸು ಹೋಗುವುದಿಲ್ಲ, ಕರೆಂಟಿನ ಕಂಬ ಅಲ್ಲಿಯತನಕ ಬಂದಿಲ್ಲ. 'ಚಿಕ್ಕವಳು ಬಂದಳಾ' ಎಂದು ಬಾಗಿಲ ಕಡೆ ನೋಡುತ್ತಿರುತ್ತಾಳಂತೆ.

"ಹೋಗಿ ಮುಖ ನೋಡ್ಕೊಂಡು ಬಂದುಬಿಡೋಕಲ್ಲ ದೊಡ್ಡಮ್ಮ. ಅವಳು ಇರೋ ತನಕ ಹತ್ರ ಇರಬೇಕು ಅಂತ ಆಸೆ. ನಾನು ಹೇಗೋ ಇರ್ತೀನಿ. ಆದ್ರೆ ಈ ಔಷಧಿ ಅಲ್ಲಿ ಎರಡು ದಿನ ಬದುಕಲ್ಲ."

"ಕರ್ಕೊಂಡು ಹೋಗ್ತೀನಿ ಅಂದೆನಲ್ಲ," ಎಂದರು ಬೀಗರು ಬೇಲಿಯ ಆಚೆಯಿಂದ. ಅಲ್ಲಿಂದ ಶುರುವಾಯಿತು.

ಮೊದಲು ಜೀಪು ಬಂತು. ಕಲ್ಲು ಒಡೆಯುವ ಕಡೆ ದುಡಿದು ದುಡಿದು ಮೈಯೆಲ್ಲ ತಗ್ಗಾಗಿದ್ದ ಮುದಿ ಗಾಡಿ. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಶಕ್ತಿ ಹೋಗುತ್ತದೆ, ಬಂಡೆ ಹತ್ತುತ್ತದೆ ಎಂದರು. ಬಾಗಿಲುಗಳು ಮಾತ್ರ ಹೊಸ ಬೀಗ ಹಾಕಿಸಿಕೊಂಡು ಮಿರಿ ಮಿರಿ ಮಿಂಚುತ್ತಿದ್ದವು.

ಆಮೇಲೆ ಫ್ರಿಜ್ಜು. ಮೊದಲು ತಂದದ್ದು ಹಗುರವಾದ ಅಗ್ಗದ ಪೆಟ್ಟಿಗೆ. ತಣ್ಣಗೂ ಮಾಡುತ್ತದೆ, ಬೆಚ್ಚಗೂ ಮಾಡುತ್ತದೆ ಎಂದು ಅಂಗಡಿಯವನು ಹೊಗಳಿದ್ದನಂತೆ. ಬೀಗರು ತಾವೇ ಕೂತು ತಂತಿ ಜೋಡಿಸಿದರು. ಕೆಂಪಿನ ಜಾಗಕ್ಕೆ ಕಪ್ಪು, ಕಪ್ಪಿನ ಜಾಗಕ್ಕೆ ಕೆಂಪು. ಪರೀಕ್ಷೆಗೆಂದು ಮೊಸರಿನ ಪಾತ್ರೆಯಲ್ಲೇ ಇಟ್ಟ ಹಾಲು ಸಂಜೆಯೊಳಗೆ ಮೊಸರಾಯಿತು. ಕತ್ತಿಯಲ್ಲಿ ಕೊಯ್ಯುವಂಥ ಗಟ್ಟಿ ಮೊಸರು.

"ರೀ, ಇದನ್ನ ಹೀಗೇ ಬಿಡಿ. ದೊಡ್ಡಮ್ಮನ ಮನೇಲಿ ಚಳಿಗಾಲದಲ್ಲಿ ಹೆಪ್ಪು ಆಗಲ್ಲ ಅಂತಿದ್ರು," ಎಂದಳು ಹೆಂಡತಿ.

ತಂತಿ ಸರಿ ಮಾಡಿದ ಮೇಲೆ ಅದು ತಣ್ಣಗೆ ಮಾಡಿತು, ಇಲ್ಲವೆನ್ನಲಾರೆ. ಆದರೆ ಹೊರಗಿನ ಸೆಕೆಗಿಂತ ಒಂದಿಷ್ಟು ಕಡಿಮೆ, ಅಷ್ಟೇ ಅದರ ಯೋಗ್ಯತೆ. ಬಿಸಿಲಲ್ಲಿ ನಿಂತ ಜೀಪಿನಲ್ಲಿ ಪೆಟ್ಟಿಗೆಯ ಹೊರಗೆ ಕುದಿಯುತ್ತಿದ್ದರೆ ಪೆಟ್ಟಿಗೆಯ ಒಳಗೆ ಬೇಯುತ್ತಿತ್ತು. ಪೆಟ್ಟಿಗೆ ಹೆಪ್ಪು ಹಾಕಲು ನಮ್ಮ ಮನೆಗೆ ಬಂತು. ಈಗಲೂ ಇದೆ.

ಎರಡನೆಯದನ್ನು ಆರಿಸಲು ನನ್ನನ್ನೂ ಕರೆದುಕೊಂಡು ಹೋದರು. ಮನೆಯ ಫ್ರಿಜ್ಜಿನ ಹಾಗೆ ಕಂಪ್ರೆಸರ್ ಇರುವ, ಬ್ಯಾಟರಿಯಲ್ಲಿ ಓಡುವ ಪೆಟ್ಟಿಗೆಗಳು ಸಾಲಾಗಿ ಇದ್ದವು. ಅಂಗಡಿಯ ಹುಡುಗಿ ಎಷ್ಟು ಲೀಟರು, ಎಷ್ಟು ಕರೆಂಟು ತಿನ್ನುತ್ತದೆ ಎಂದೆಲ್ಲ ಹೇಳುತ್ತಾ ಹೋದಳು. ಬೀಗರು ಒಂದೊಂದರ ಮುಚ್ಚಳವನ್ನೂ ತೆಗೆದು ಹಾಕಿ, ಕಿವಿಗೊಟ್ಟು ಕೇಳಿ, ಕೊನೆಗೆ ಒಂದರ ಮೇಲೆ ಕೈಯಿಟ್ಟರು.

"ಯಾಕೆ ಇದು?" ಎಂದೆ.

"ಇದರ ಚಿಲಕ ತೀರಾ ಕಳಪೆ. ತೆಗೆದು ನಾನೇ ಬೇರೆ ಹಾಕಬಹುದು."

ಹಾಗೇ ಹಾಕಿದರು. ಹಾಕಿದ ದಿನವೇ ಅದು ತೆರೆಯಲಿಲ್ಲ. ಹೆಂಡತಿಯ ಔಷಧಿ ಒಳಗೆ, ಹೆಂಡತಿ ಹೊರಗೆ ತಟ್ಟೆಯ ಮುಂದೆ. ಬೀಗರು ಇಡೀ ಮಧ್ಯಾಹ್ನ ತಂತಿ ತೂರಿಸಿ, ತಿರುವಿ, ಬೆವರಿ, ಕೊನೆಗೂ ತೆಗೆದಾಗ ಆಕೆ ಒಂದೇ ಮಾತು ಹೇಳಿದಳು: "ನನ್ನ ಔಷಧಿಗೆ ಬೀಗ ಬೇಡ." ಬೀಗ ಬಿಚ್ಚಿದರು. ಕಂಪನಿಯ ಚಿಲಕ ಅಷ್ಟರಲ್ಲಿ ಗುಜರಿಗೆ ಹೋಗಿತ್ತು. ಮುಚ್ಚಳ ಸುಮ್ಮನೆ ಕೂತಿತ್ತು, ಅಷ್ಟೆ.

ಫ್ರಿಜ್ಜಿನ ತಂತಿಯನ್ನು ಜೀಪಿನ ಬ್ಯಾಟರಿಗೆ ಕೊಟ್ಟರು. ಬೆಳಿಗ್ಗೆ ನೋಡಿದರೆ ಔಷಧಿ ತಂಪಾಗಿತ್ತು, ಜೀಪು ಅದಕ್ಕಿಂತ ತಂಪಾಗಿತ್ತು. ಕೀ ತಿರುಗಿಸಿದರೆ ಉಸಿರಿಲ್ಲ. ಬೀದಿಯವರೆಲ್ಲ ಸೇರಿ ತಳ್ಳಿದೆವು. ಆಗ ಎರಡನೇ ಬ್ಯಾಟರಿ ಬಂತು. ಇಂಜಿನ್ನಿಗೆ ಒಂದು, ಫ್ರಿಜ್ಜಿಗೆ ಒಂದು. ಒಂದರದ್ದು ಇನ್ನೊಂದು ತಿನ್ನದ ಹಾಗೆ ನಡುವೆ ಸಣ್ಣ ಡಬ್ಬಿ. ಒಂದೇ ಕಡೆಯಿಂದ ತೆಗೆಯುವ ಬೀಗದ ಹಾಗೆ ಅದು, ಎಂದರು ಬೀಗರು. ಆ ಬ್ಯಾಟರಿಗಳಿಗೆ ಹಿರಿಯಳು, ಕಿರಿಯಳು ಎಂದು ಹೆಸರಿಟ್ಟದ್ದೂ ಅವರೇ.

ಇದರಿಂದ ಆದ ಅನಾಹುತ ಸಣ್ಣದಲ್ಲ. ಮೇಲಿನ ಮನೆಯಾಕೆ ಒಂದು ದಿನ ನನ್ನನ್ನು ಮೂಲೆಗೆ ಕರೆದಳು.

"ನಿಮ್ಮ ಬೀಗರು ಎರಡು ಇಟ್ಕೊಂಡಿದ್ದಾರಂತಲ್ಲ. ನಾನೇ ಕಿವಿಯಾರೆ ಕೇಳಿದೆ. ಹಿರಿಯಳ ಹೊಟ್ಟೆ ತುಂಬಿದ ಮೇಲೇನೇ ಕಿರಿಯಳಿಗೆ ಕೊಡೋದು ಅಂತ ಯಾರಿಗೋ ಫೋನಲ್ಲಿ ಹೇಳ್ತಿದ್ರು. ರಾತ್ರಿಯೆಲ್ಲಾ ಕಿರಿಯಳದ್ದೇ ಖರ್ಚಂತೆ."

ನಾನು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಅಲ್ಲಿಗೆ ಬಂದಳು. ಮೇಲಿನ ಮನೆಯಾಕೆಯ ಮುಖ ಬಿಳುಚಿತು.

"ಹೌದು, ಎರಡಿವೆ," ಎಂದಳು ಈಕೆ ಶಾಂತವಾಗಿ. "ನಾನು ಮೂರನೆಯವಳು. ನನಗೆ ಬ್ಯಾಟರಿ ನೀರು ಹಾಕಲ್ಲ, ಅವಕ್ಕೆ ಹಾಕ್ತಾರೆ."

ಹೊರಡುವ ದಿನ ನಿಶ್ಚಯವಾಯಿತು. ಹಿಂದಿನ ಸಂಜೆ ಬೀಗರು ನಮ್ಮ ಮನೆಗೆ ಬಂದು, ಚಿಲಕವನ್ನೂ ಮಾತಾಡಿಸದೆ, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ದೊಡ್ಡಮ್ಮ, ನೀವು ಎಷ್ಟು ತೂಕ ಇರಬಹುದು?"

"ಯಾಕಪ್ಪ, ನನ್ನನ್ನ ಮಾರ್ತೀರಾ?"

"ಜೀಪು ಎಗರಿದಾಗೆಲ್ಲಾ ಫ್ರಿಜ್ಜಿನ ಮುಚ್ಚಳ ತೆರ್ಕೊಳ್ತಾ ಇದೆ. ತಂಪೆಲ್ಲಾ ಹೊರಗೆ. ಹಗ್ಗ ಕಟ್ಟಿದೆ, ಜಾರುತ್ತೆ. ಕಲ್ಲಿಟ್ಟೆ, ಅದೂ ಎಗರುತ್ತೆ. ಇವಳಿಗೆ ಹಿಂದೆ ಕೂತರೆ ವಾಂತಿ. ಮೇಲೆ ಕೂರೋಕೆ ಒಬ್ಬರು ಬೇಕು."

ಮಗ ಬೇಡವೆಂದ. ಸೊಸೆ, "ಅತ್ತೆ ಎಲ್ಲಿಗೂ ಹೋದವರಲ್ಲ, ಹೋಗಿ ಬರಲಿ ಬಿಡಿ," ಎಂದಳು. ಹೀಗೆ ನಾನು, ಮದುವೆಯಾಗಿ ಬಂದ ಮೇಲೆ ಊರಿನ ಗಡಿ ದಾಟದವಳು, ಫ್ರಿಜ್ಜಿನ ಮುಚ್ಚಳವಾಗಿ ಪ್ರಯಾಣ ಹೊರಟೆ.

ಕಲ್ಲು ಬಯಲಿನಲ್ಲಿ ರಸ್ತೆ ಎಂಬುದಿಲ್ಲ. ಯಾರೋ ಹೋದ ಗುರುತಿದ್ದರೆ ಅದೇ ರಸ್ತೆ. ಜೀಪು ಎಗರಿದರೆ ನಾನೂ ಎಗರುವೆ, ಮುಚ್ಚಳವೂ ಎಗರುವುದು. ನಾನು ಮೊದಲು ಕೆಳಗೆ ಬಂದು ಅದನ್ನು ಮುಚ್ಚಬೇಕು. ಸ್ವಲ್ಪ ಹೊತ್ತಿನಲ್ಲಿ ಅದರ ವರಸೆ ಕೈಗೆ ಹತ್ತಿತು. ಮಧ್ಯಾಹ್ನ ಫ್ರಿಜ್ಜು ಕೀಂಯ್ ಎಂದು ಕೂಗತೊಡಗಿತು. ಅದರ ಮೈಮೇಲೆ ಕಾಣುವ ಅಂಕಿ ಏರುತ್ತಾ ಹೋಯಿತು. ಬೀಗರು ಜೀಪು ನಿಲ್ಲಿಸಿ ಸುತ್ತ ಬಂದು ನೋಡಿದರು.

"ದೊಡ್ಡಮ್ಮ, ನಿಮ್ಮ ಸೆರಗು ಅದರ ಮೂಗಿನ ಮೇಲಿದೆ. ಪಕ್ಕದ ಕಂಡಿಯಿಂದಲೇ ಅದು ಬಿಸಿ ಉಸಿರು ಬಿಡೋದು. ತಗೀರಿ, ಪಾಪ, ಉಸಿರು ಕಟ್ತಾ ಇದೆ."

"ಅದಕ್ಕೆ ಪಾಪ ಅಂತೀರಿ. ನನ್ನ ಸೊಂಟಕ್ಕೆ ಏನಂತೀರಿ?"

ಮುಂದಿನ ಸೀಟಿನಲ್ಲಿ ಹೆಂಡತಿ ನಗಲಿಲ್ಲ. ಅಂಕಿ ಕೆಳಗಿಳಿಯುವ ತನಕ ತಿರುಗಿ ಕೂತು ಅದನ್ನೇ ನೋಡುತ್ತಿದ್ದಳು. ಇಳಿದ ಮೇಲೆ ಮೆಲ್ಲಗೆ, "ಹೋಗೋಣ," ಎಂದಳು.

ಮರುದಿನ ಹೊತ್ತು ಇಳಿಯುವಾಗ ತಲುಪಿದೆವು. ಏಳೆಂಟು ಮನೆ, ಒಂದು ಬಾವಿ, ಒಂದೇ ಮರ. ಅಕ್ಕನ ಹಾಸಿಗೆಯನ್ನು ಬಾಗಿಲ ಬಳಿಯೇ ಹಾಕಿದ್ದರು. ಈಕೆ ಜೀಪು ನಿಲ್ಲುವ ಮೊದಲೇ ಇಳಿದು, ಮುಗ್ಗರಿಸಿ, ಎದ್ದು ಓಡಿದಳು. ಅಕ್ಕ ಕೈ ಚಾಚಿ ತಂಗಿಯ ಕೆನ್ನೆ, ಕಿವಿ, ಜಡೆ ಎಲ್ಲ ತಡವಿ ನೋಡಿದಳು.

"ದಪ್ಪ ಆಗಿದ್ದೀಯ. ಈಗ ಎತ್ಕೊಳ್ಳೋಕೆ ಆಗಲ್ಲ," ಎಂದಳು. ಆಮೇಲೆ ಜೀಪಿನ ಕಡೆ ಕಣ್ಣು ಕಿರಿದು ಮಾಡಿ, "ಆ ಪೆಟ್ಟಿಗೆ ಮೇಲೆ ಕೂತಿರೋ ಹೆಂಗಸು ಯಾರು? ಯಾಕೆ ಇಳೀತಾ ಇಲ್ಲ?"

ಇಳಿಯಿರಿ ಎಂದು ಯಾರೂ ಹೇಳಿರಲಿಲ್ಲ, ಅದಕ್ಕೇ ಕೂತಿದ್ದೆ.

ಔಷಧಿ ಕೆಟ್ಟಿರಲಿಲ್ಲ. ಅಂದು ರಾತ್ರಿಯೇ ಬೀಗರ ಹೆಂಡತಿ, ನಾನು ಇಲ್ಲೇ ಉಳಿಯುತ್ತೇನೆ ಎಂದಳು. ದಿನಸಿ ತರುವ ಲಾರಿಯವನು ತಿಂಗಳಿಗೊಮ್ಮೆ ಪೇಟೆಯಿಂದ ಔಷಧಿ ತರಲು ಒಪ್ಪಿದ. ಫ್ರಿಜ್ಜು ಓಡುತ್ತಿದ್ದರೆ ಸಾಕು.

ಅಲ್ಲೇ ಬಂತು ತೊಡಕು. ಹೊರಡುವ ಮೊದಲೇ ಜೀಪಿನ ನೆತ್ತಿಯ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆಯನ್ನು ಬೀಗರು ಕೂರಿಸಿದ್ದರು. ಜೀಪನ್ನು ಬಿಸಿಲಲ್ಲಿ ನಿಲ್ಲಿಸಿದರೆ ಹಲಗೆ ಚೆನ್ನಾಗಿ ದುಡಿಯುತ್ತಿತ್ತು, ಫ್ರಿಜ್ಜು ಸೆಕೆಗೆ ಅದಕ್ಕಿಂತ ಹೆಚ್ಚು ತಿನ್ನುತ್ತಿತ್ತು. ಮರದ ಕೆಳಗೆ ನಿಲ್ಲಿಸಿದರೆ ಫ್ರಿಜ್ಜು ಸುಖವಾಗಿರುತ್ತಿತ್ತು, ಹಲಗೆಗೆ ಬಿಸಿಲೇ ಇಲ್ಲ. ಹಲಗೆಯನ್ನು ಮಾತ್ರ ಕಳಚಿ, ಉದ್ದದ ತಂತಿ ಎಳೆದು ಬಿಸಿಲಿಗೆ ಇಟ್ಟರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಕಳ್ಳರು ಒಯ್ಯಬಾರದೆಂದು ಬೀಗರು ಅದಕ್ಕೆ ನಾಲ್ಕು ಮೂಲೆಗೂ ನಾಲ್ಕು ಬೀಗ ಜಡಿದಿದ್ದರು. ಬೀಗದ ಕೈಗಳು ನಮ್ಮ ಊರಲ್ಲಿ, ಅವರ ಬೀಗದ ಅಂಗಡಿಯ ಮೊಳೆಗೆ ನೇತಾಡುತ್ತಿದ್ದವು. ಜೀಪಿನ ಮೇಲೆ ಹತ್ತಿ, ತಂತಿ ತೂರಿಸಿ, ಬಗ್ಗಿ ನೋಡಿ, ತಲೆ ಅಲ್ಲಾಡಿಸಿ ಇಳಿದರು.

"ನಾನು ಮಾಡಿದ ಬೀಗ ದೊಡ್ಡಮ್ಮ. ಕೈ ಇಲ್ಲದೆ ಆಗಲ್ಲ."

ಉಳಿದದ್ದು ಒಂದೇ ದಾರಿ. ಇಂಜಿನ್ನು ಓಡಿದರೆ ಹಿರಿಯಳು ತುಂಬುತ್ತಾಳೆ, ಅವಳು ತುಂಬಿದರೆ ಕಿರಿಯಳು ತುಂಬುತ್ತಾಳೆ, ಕಿರಿಯಳು ಫ್ರಿಜ್ಜನ್ನು ಸಾಕುತ್ತಾಳೆ. ಹಾಗಾಗಿ ಬೀಗರು ದಿನಾ ಸಂಜೆ ಬಾವಿಯ ಸುತ್ತ ಜೀಪು ಓಡಿಸತೊಡಗಿದರು. ಎಲ್ಲಿಗೂ ಹೋಗುವುದಲ್ಲ, ಸುತ್ತುವುದು. ಮೊದಲ ದಿನ ಊರು ಬಾಗಿಲಲ್ಲಿ ನಿಂತು ನೋಡಿತು. ಎರಡನೆಯ ದಿನ ಒಬ್ಬ ಮುದುಕ ಹತ್ತಿ ಕೂತ. ಆಮೇಲೆ ನೀರಿನ ಕೊಡಗಳು ಹತ್ತಿದವು, ಸೌದೆ ಹತ್ತಿತು, ಕಾಲು ಮುರಿದ ಮೇಕೆ ಹತ್ತಿತು. ಸುತ್ತು ದೊಡ್ಡದಾಗುತ್ತಾ ಕೊನೆಯ ಮನೆಯತನಕ ಹೋಯಿತು.

ಅಕ್ಕನ ಗಂಡ, ಅಂದರೆ ಬೀಗರ ಷಡ್ಡಕ, ಜಗುಲಿಯ ಮೇಲೆ ಕೂತು ಹಲ್ಲು ಕಡ್ಡಿ ಆಡಿಸುತ್ತಾ ಕೇಳಿದ. "ಅಲ್ಲ ಷಡ್ಡಕರೇ, ನಿಮ್ಮವಳು ಅಕ್ಕನ ಸೇವೆಗೆ ಬಂದಳು, ಸರಿ. ನೀವು ಯಾರ ಸೇವೆಗೆ?"

"ಫ್ರಿಜ್ಜಿನ ಸೇವೆಗೆ."

"ಅದು ನೆಟ್ಟಗಾದ ಮೇಲೆ?"

ಬೀಗರು ಜೀಪು ಹತ್ತಿದರು. ಗಂಡಸು ಹೆಂಡತಿಯ ಅಕ್ಕನ ಮನೆಯಲ್ಲಿ ಕೆಲಸವಿಲ್ಲದೆ ಎಷ್ಟು ದಿನ ತಟ್ಟೆ ಮುಂದೆ ಕೂರಬಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ದಿನಸಿ ಲಾರಿ ಬಂದ ದಿನ ನಾನು ಹೊರಟೆ. ಡ್ರೈವರನ ಪಕ್ಕ ಮೆತ್ತನೆಯ ಸೀಟು. ಸೊಂಟ ಅದನ್ನು ನಂಬಲೇ ಇಲ್ಲ. ಹೆಂಡತಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ದೊಡ್ಡಮ್ಮ, ಮುಂದಿನ ಲಾರಿಗೆ ಆ ನಾಲ್ಕು ಬೀಗದ ಕೈ ಕಳಿಸಿ. ಇವರು ಸುತ್ತೋದು ತಪ್ಪಲಿ, ಡೀಸೆಲ್ಲು ಉಳೀಲಿ." ಜಗುಲಿಯಿಂದ ಷಡ್ಡಕ, "ಮರೀಬೇಡಿ, ಅವರಿಗೂ ಅಂಗಡಿ ಇದೆ," ಎಂದು ಕೂಗಿದ. ಬೀಗರು ಎಲ್ಲರಿಗಿಂತ ಗಟ್ಟಿಯಾಗಿ, "ಹೌದು ದೊಡ್ಡಮ್ಮ, ಖಂಡಿತ ಕಳಿಸಿ," ಎಂದರು.

ಲಾರಿಯವನು ಇಂಜಿನ್ನು ಶುರು ಮಾಡಿದ. ಆ ಸದ್ದಿನಲ್ಲಿ ಬೀಗರು ನನ್ನ ಕಡೆಯ ಕಿಟಕಿಗೆ ಸುತ್ತಿ ಬಂದು, ಮೆಟ್ಟಿಲ ಮೇಲೆ ಕಾಲಿಟ್ಟು ತಲೆ ಒಳಗೆ ಹಾಕಿದರು.

"ಕಳಿಸಬೇಡಿ," ಎಂದರು.

"ಅಯ್ಯೋ, ಯಾಕಪ್ಪ?"

"ಆ ನಾಲ್ಕು ಬೀಗ ನನಗೆ ಅರ್ಧ ಗಂಟೆ ಕೆಲಸ, ಅದು ಬೇರೆ ಮಾತು. ಹಲಗೆ ಕೆಳಗಿಳಿದರೆ ನನಗಿಲ್ಲಿ ಏನು ಕೆಲಸ ಇರುತ್ತೆ ಹೇಳಿ. ಮಾರನೇ ದಿನವೇ ನನ್ನನ್ನ ವಾಪಸ್ ಕಳಿಸ್ತಾರೆ, ಇವಳನ್ನ ಬಿಟ್ಟು. ಮೊಳೆ ಮೇಲೆ ಕಾಣ್ತಿಲ್ಲ ಅನ್ನಿ. ಹುಡುಕ್ತಾ ಇದ್ದೀನಿ ಅಂತ ಪ್ರತಿ ಲಾರಿಗೂ ಹೇಳಿ ಕಳಿಸ್ತಾ ಇರಿ, ದೊಡ್ಡಮ್ಮ. ಅಷ್ಟು ಸಾಕು."